ಹೊಸ ರಕ್ತನಾಳ ಹುಟ್ಟುವುದು ರೆಟಿನಾದ ಹಸಿವಿನಿಂದ

ಮಧುಮೇಹ ಹಳೆಯದಾದಂತೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ಕೂದಲೆಳೆಯಂಥ ನಾಳಗಳು ಅಲ್ಲಲ್ಲಿ ಮುಚ್ಚಿಕೊಳ್ಳುತ್ತವೆ. ಅವುಗಳನ್ನು ನಂಬಿದ್ದ ಭಾಗಕ್ಕೆ ಆಮ್ಲಜನಕ ಸಾಲುವುದಿಲ್ಲ. ಅಲ್ಲಿನ ಕೋಶಗಳು ಎಚ್‌ಐಎಫ್-1 ಆಲ್ಫಾ ಎಂಬ ಪ್ರೋಟೀನನ್ನು ಸದಾ ತಯಾರಿಸುತ್ತಲೇ ಇರುತ್ತವೆ. ಆಮ್ಲಜನಕ ಸಾಕಷ್ಟಿದ್ದರೆ ಅದು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಇಲ್ಲದಿದ್ದರೆ ಉಳಿದುಕೊಂಡು ವಿಇಜಿಎಫ್ ಎಂಬ ಇನ್ನೊಂದು ಪ್ರೋಟೀನಿನ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಈ ವಿಇಜಿಎಫ್ ರಕ್ತನಾಳದ ಒಳಪದರದ ಕೋಶಗಳಿಗೆ ಅಂಟಿಕೊಂಡು ಅವುಗಳನ್ನು ಚಿಗುರಿಸುತ್ತದೆ.

ಆಮ್ಲಜನಕದ ಈ ಹಸಿವಿರುವುದು ರೆಟಿನಾದ ಒಳಗೆ. ಹೊಸ ನಾಳಗಳು ಹಬ್ಬುವುದು ಮಾತ್ರ ಅದರ ಮೇಲ್ಮೈ ದಾಟಿ, ಕಣ್ಣುಗುಡ್ಡೆಯ ಒಳಗೆ ತುಂಬಿರುವ ವಿಟ್ರಿಯಸ್ ಲೋಳೆಯ ಕಡೆಗೆ. ಗೋಡೆ ತೆಳು, ಲೋಳೆ ಸ್ವಲ್ಪ ಜಗ್ಗಿದರೂ ರಕ್ತಸ್ರಾವ. ಜೊತೆಗೆ ವಿಇಜಿಎಫ್ ಮೊದಲಿನಿಂದ ಇರುವ ನಾಳಗಳ ಕೋಶಗಳ ನಡುವಿನ ಬಿಗಿಯನ್ನೂ ಸಡಿಲಿಸುವುದರಿಂದ ದ್ರವ ಸೋರಿ, ನೇರ ನೋಟ ಕೊಡುವ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಊದಿಕೊಳ್ಳುತ್ತದೆ. 1983ರಲ್ಲಿ ಈ ಪ್ರೋಟೀನನ್ನು ಮೊದಲು ಗುರುತಿಸಿದ್ದೂ ಸೋರಿಕೆ ಉಂಟುಮಾಡುವ ವಸ್ತುವೆಂದೇ.

ವಿಇಜಿಎಫ್ ಅನ್ನು ಹಿಡಿದಿಡುವ ಔಷಧಿಯನ್ನು ಕಣ್ಣಿನೊಳಕ್ಕೇ ಚುಚ್ಚುತ್ತೇವೆ. ಮರಗಟ್ಟಿಸಿ, ಸೋಂಕು ತಡೆಯಲು ಶೇ. 5ರ ಪೊವಿಡೋನ್ ಅಯೋಡಿನ್ ಹಾಕಿ, ಕರಿಗುಡ್ಡೆಯ ಅಂಚಿನಿಂದ 3.5ರಿಂದ 4 ಮಿ.ಮೀ. ಹಿಂದೆ ಸೂಜಿ ಇಳಿಸಬೇಕು. ಮುಂದಾದರೆ ಮಸೂರಕ್ಕೆ ಪೆಟ್ಟು, ಹಿಂದಾದರೆ ರೆಟಿನಾಕ್ಕೆ. ಔಷಧಿ ಸಾಮಾನ್ಯವಾಗಿ 0.05 ಮಿ.ಲೀ., ಒಂದು ಹನಿಯಷ್ಟೇ. ಆಮೇಲಿನ ದಿನಗಳಲ್ಲಿ ನೋವು ಹೆಚ್ಚುತ್ತಾ ದೃಷ್ಟಿ ಮಂಜಾದರೆ ಅದು ಒಳಸೋಂಕಿರಬಹುದು, ಅಂದೇ ತೋರಿಸಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಕಣ್ಣು ಚೆನ್ನಾಗಿ ಕಾಣತೊಡಗಿದ ಮೇಲೆ. ಔಷಧಿ ಹಿಡಿದಿಡುವುದು ಈಗಾಗಲೇ ಹೊರಬಿದ್ದ ಪ್ರೋಟೀನನ್ನು. ಹಸಿದ ಅಂಗಾಂಶ ಹಸಿದೇ ಇದೆ. ಕೆಲವು ವಾರಗಳಲ್ಲಿ ಪರಿಣಾಮ ಇಳಿದಾಗ ಮುಂದಿನ ಚುಚ್ಚುಮದ್ದಿನ ಸರದಿ ತಪ್ಪಿಸಿದವರಲ್ಲಿ ನಾಳಗಳು ಮತ್ತೆ ಚಿಗುರುತ್ತವೆ. ಲೇಸರ್ ಬೇರೆ ದಾರಿ ಹಿಡಿಯುತ್ತದೆ. ರೆಟಿನಾದ ಅಂಚಿನ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಚುಕ್ಕೆ ಸುಟ್ಟು ಆಮ್ಲಜನಕದ ಬೇಡಿಕೆಯನ್ನೇ ತಗ್ಗಿಸುತ್ತದೆ. ಅಂಚಿನ ನೋಟ, ಇರುಳಿನ ನೋಟ ಸ್ವಲ್ಪ ಕುಗ್ಗುವುದು ನಿಜ. ಆದರೂ ತಪ್ಪದೆ ಬರುತ್ತಾರೆಂಬ ಭರವಸೆ ಇಲ್ಲದವರಿಗೆ ಬರೀ ಚುಚ್ಚುಮದ್ದನ್ನು ನೆಚ್ಚಿಕೊಳ್ಳಬಾರದೆಂಬುದೇ ನನ್ನ ನಿಲುವು.

ನಾಳಗಳ ಜೊತೆ ನಾರುಪೊರೆ ದಟ್ಟವಾಗಿ ಬೆಳೆದಿದ್ದರೆ ಚುಚ್ಚುಮದ್ದೇ ಅಪಾಯ ತರಬಹುದು: ನಾಳ ಬತ್ತಿದಂತೆ ಪೊರೆ ಬಿಗಿದು ರೆಟಿನಾವನ್ನು ಎಳೆದು ಕೀಳುತ್ತದೆ. ಅಂಥ ಕಣ್ಣಿಗೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಮೇಲಷ್ಟೇ, ಅದಕ್ಕೆ ಕೆಲವೇ ದಿನ ಮುಂಚೆ ಚುಚ್ಚುವುದು ವಾಡಿಕೆ.