ಸಂಡೂರಿನ ಪುಡಿ ಅದಿರು ಉಂಡೆಯಾದ ಕಥೆ

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಡೆ ಹೋದರೆ ರಸ್ತೆ ಬದಿಯಲ್ಲಿ ಒಮ್ಮೊಮ್ಮೆ ಲಾರಿಯಿಂದ ಉದುರಿದ ಬೂದುಗಪ್ಪು ಗುಂಡುಗಳು ಸಿಗುತ್ತವೆ. ನೋಡೋಕೆ ಥೇಟ್ ಗೋಲಿ. ಕೈಗೆತ್ತಿಕೊಂಡರೆ ಮಾತ್ರ ಭಾರ. ಇದಕ್ಕೆ ಪೆಲೆಟ್ ಅಂತಾರೆ. ಇಂಥ ಒಂದು ಉಂಡೆಗೆ ಬೇಕಾದ ಪುಡಿ ಅದಿರು ಹಿಂದೆಲ್ಲ ಗಣಿ ಪಕ್ಕದಲ್ಲಿ ಸುಮ್ನೆ ಗುಡ್ಡೆ ಬಿದ್ದಿರುತ್ತಿತ್ತು.

ಪುಡಿ ಯಾಕೆ ಬೇಡವಾಗಿತ್ತು? ಅದಿರು ಕರಗಿಸುವ ಊದುಕುಲುಮೆಯಲ್ಲಿ (ಬ್ಲಾಸ್ಟ್ ಫರ್ನೇಸ್) ಬಿಸಿಗಾಳಿ ಕೆಳಗಿನಿಂದ ಮೇಲಕ್ಕೆ ನುಗ್ಗಬೇಕು. ಗಟ್ಟಿ ಅದಿರಾದರೆ ಕಲ್ಲುಗಳ ಸಂದಿಯಲ್ಲಿ ದಾರಿ ಸಿಗುತ್ತದೆ. ಪುಡಿ ಸುರಿದರೆ ಬೂದಿ ತುಂಬಿದ ಒಲೆಯ ಹಾಗೆ ಉಸಿರು ಕಟ್ಟುತ್ತದೆ. 10 ಮಿಲಿಮೀಟರಿಗಿಂತ ಸಣ್ಣದಕ್ಕೆ 'ಫೈನ್ಸ್' ಅಂತ ಹೆಸರಿಟ್ಟು ಪಕ್ಕಕ್ಕೆ ಒಗೆಯುತ್ತಿದ್ದರು.

ಇಲ್ಲೇ ಉಕ್ಕು ಮಾಡಬೇಕು ಅನ್ನೋ ಮಾತು ಹಳೇದು. ಇಂದಿರಾ ಗಾಂಧಿ 1971ರಲ್ಲಿ ಶಂಕುಸ್ಥಾಪನೆ ಮಾಡಿ ಹೋದರು. ಕಲ್ಲು ಉಳಿಯಿತು, ಕಾರ್ಖಾನೆ ಬರಲಿಲ್ಲ. ಕೊನೆಗೆ ಜಿಂದಾಲ್ ಕಂಪನಿ ಬಂದು, ಕೋಕ್ ಮಾಡೋಕೆ ಬಾರದ ಸಾಮಾನ್ಯ ಕಲ್ಲಿದ್ದಲಿನಿಂದಲೇ ಕಬ್ಬಿಣ ಕರಗಿಸುವ ಕೋರೆಕ್ಸ್ ಕುಲುಮೆಯನ್ನು 1999ರಲ್ಲಿ ಹೊತ್ತಿಸಿತು. ದೇಶಕ್ಕೇ ಅದು ಮೊದಲು.

ಅಷ್ಟರಲ್ಲಿ ಚೀನಾಕ್ಕೆ ಉಕ್ಕಿನ ಹಸಿವು ಹತ್ತಿತು. ಅಲ್ಲಿ ಪುಡಿಗೂ ಗಿರಾಕಿ! ಹಳೇ ಗುಡ್ಡೆಗಳನ್ನೇ ಬಗೆದು ಬಂದರಿಗೆ ಸಾಗಿಸಿದರು. ಶೇಂಗಾ, ಹತ್ತಿ ಬೆಳೆಯುತ್ತಿದ್ದ ಹೊಲಗಳು ಅದಿರಿನ ಸ್ಟಾಕ್‌ಯಾರ್ಡ್ ಆದವು. ಸಂಡೂರು ರಸ್ತೆಯಲ್ಲಿ ಬೇವಿನ ಎಲೆಗೂ ಕೆಂಪು, ಬಸ್ಸಿನ ಕಿಟಕಿಗೂ ಕೆಂಪು, ಬಿಳಿ ಅಂಗಿ ತೊಟ್ಟವನ ಕಾಲರಿಗೂ ಕೆಂಪು.

2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರುವಾದಾಗ ತೆಗೆಯುವ ಅದಿರಿಗೆ ಮಿತಿ ಇತ್ತು, ಮಾರಾಟ ಆಗ ಇ-ಹರಾಜಿನಲ್ಲಿ ಮಾತ್ರ ಆಗಬೇಕಿತ್ತು; ಅತಿ ಹೆಚ್ಚು ಅಕ್ರಮ ನಡೆದಿದ್ದ 'ಸಿ' ವರ್ಗದ ಗುತ್ತಿಗೆಗಳು 2013ರಲ್ಲಿ ರದ್ದಾದವು. ಒಳ್ಳೇ ಗಟ್ಟಿ ಅದಿರನ್ನೇ ನಂಬಿ ಕೂರುವ ಕಾಲ ಮುಗಿಯಿತು. ಪರಿಸರದ ಮೇಲಿನ ಪ್ರೀತಿಯಿಂದ ಯಾರೂ ಪುಡಿಯ ಕಡೆ ತಿರುಗಲಿಲ್ಲ ಬಿಡಿ. ಬೇರೆ ದಾರಿ ಕಮ್ಮಿ ಇತ್ತು.

ಕೆಲಸ ಹೀಗೆ. ಕಡಿಮೆ ಕಬ್ಬಿಣದ ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರಲ್ಲಿ ತೊಳೆದು, ಮಣ್ಣು ಬೇರೆ ಮಾಡುತ್ತಾರೆ. ಉಳಿದ ಒದ್ದೆ ಪುಡಿಗೆ ಚೂರು ಬೆಂಟೊನೈಟ್ ಜೇಡಿ ಬೆರೆಸಿ, ತಿರುಗುವ ದೊಡ್ಡ ತಟ್ಟೆಗೆ ಸುರಿಯುತ್ತಾರೆ. ಉರುಳುತ್ತ ಉರುಳುತ್ತ 8ರಿಂದ 16 ಮಿಲಿಮೀಟರಿನ ಉಂಡೆ ಕಟ್ಟುತ್ತದೆ. ಅಜ್ಜಿ ರವೆ ಉಂಡೆ ಕಟ್ಟಿದ ಹಾಗೆಯೇ, ಆದರೆ ಇದನ್ನು 1,250 ಡಿಗ್ರಿ ಆಸುಪಾಸಿನಲ್ಲಿ ಸುಡಬೇಕು. ಆಗ ಕುಲುಮೆಯೊಳಗೆ ಒಡೆಯದೆ ನಿಲ್ಲುತ್ತದೆ, ಸಂದಿಯಲ್ಲಿ ಗಾಳಿಯೂ ಓಡಾಡುತ್ತದೆ.

ಸಾಗಾಟವೂ ಬದಲಾಯಿತು. ನಂದಿಹಳ್ಳಿಯಿಂದ ತೋರಣಗಲ್ಲಿಗೆ 24 ಕಿಲೋಮೀಟರ್ ಉದ್ದದ ಪೈಪ್ ಕನ್ವೇಯರ್ ಇದೆ. ರಬ್ಬರ್ ಬೆಲ್ಟು ಬೀಡಿ ಎಲೆಯ ಹಾಗೆ ಅದಿರನ್ನು ಒಳಗೆ ಸುತ್ತಿಕೊಂಡು ಓಡುತ್ತದೆ. ದೂಳು ಹೊರಗೆ ಬರಲ್ಲ. ಹಾಗಂತ ಲಾರಿಗಳು ಪೂರ್ತಿ ನಿಂತಿಲ್ಲ.

ಇದೆಲ್ಲ ಪುಕ್ಕಟೆಯಲ್ಲ ಅಲ್ವಾ? ಅರೆಯೋಕೆ ಕರೆಂಟು ಬೇಕು, ತೊಳೆಯೋಕೆ ನೀರು. ತುಂಗಭದ್ರೆಯ ನೀರನ್ನೇ ನೆಚ್ಚಿಕೊಂಡ ಜಿಲ್ಲೆಯಲ್ಲಿ ಆ ಲೆಕ್ಕ ಸಣ್ಣದಲ್ಲ. ಮೇಲಾಗಿ ತೊಳೆದಾಗ ಬೇರೆಯಾದ ನುಣುಪು ಕೆಸರು ಉಳಿಯುತ್ತದೆ. ಫೈನ್ಸಿಗಿಂತ ಎಷ್ಟೋ ಸಣ್ಣದು. ಒಡ್ಡು ಕಟ್ಟಿದ ಹೊಂಡಗಳಿಗೆ ಅದನ್ನು ಬಿಡುತ್ತಾರೆ. ಬೇಸಿಗೆಯಲ್ಲಿ ಮೇಲ್ಪದರ ಒಣಗಿ ಬಿರುಕು ಬಿಡುತ್ತದೆ, ಅದೇ ಹಳೇ ಕೆಂಪು ಬಣ್ಣ.