ಅವರು ಸರಿಯಾದರೆ ನಾನೂ ಸರಿ

ಪುಣೆಯಲ್ಲಿ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವ ಕನ್ನಡದ ಹೆಣ್ಣುಮಕ್ಕಳು ತಮ್ಮ ಬಗ್ಗೆ ಹೇಳುವುದು ಕಡಿಮೆ. ಗಂಡನ ಕುಡಿತ, ಮಗನ ಸಾಲ, ಇದೇ ಮಾತು. "ನೀವು ಹೇಗಿದ್ದೀರಿ?" ಅಂದರೆ, "ಅವರು ಸರಿಯಾದರೆ ನಾನೂ ಸರಿ ಆಗ್ತೀನಿ ಮೇಡಂ" ಅನ್ನುತ್ತಾರೆ.

ಹೀಗೆ ಇನ್ನೊಬ್ಬರ ತಪ್ಪನ್ನು ತಾನೇ ಹೊತ್ತು, ಅವರ ಸ್ಥಿತಿಗೇ ತನ್ನ ನೆಮ್ಮದಿಯನ್ನು ಕಟ್ಟಿಕೊಳ್ಳುವುದಕ್ಕೆ ಕೋಡಿಪೆಂಡೆನ್ಸಿ ಅನ್ನುತ್ತೇವೆ. ಅಮೆರಿಕದಲ್ಲಿ ಕುಡಿತ ಬಿಡಿಸುವ ಕೇಂದ್ರಗಳಲ್ಲಿ, ಕುಡಿಯುವವರ ಮನೆಯವರನ್ನು ನೋಡುತ್ತಾ ಬಳಕೆಗೆ ಬಂದ ಹೆಸರು. ಮಾನಸಿಕ ಕಾಯಿಲೆಗಳ ಅಮೆರಿಕದ ಕೈಪಿಡಿ ಡಿಎಸ್ಎಂ-5ರಲ್ಲಾಗಲಿ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಪಟ್ಟಿ ಐಸಿಡಿ-11ರಲ್ಲಾಗಲಿ ಇದು ಕಾಯಿಲೆಯಾಗಿ ಇಲ್ಲ. ಬೇರೂರಿದ ರೂಢಿ, ಅಷ್ಟೆ. ಅತ್ತೆಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಕೆಲಸ ಹೋದ ಗಂಡನ ಲೋನಿನ ಕಂತು ಕಟ್ಟುವುದು ಇದಲ್ಲ. ಮನೆಯವರಿಗೆ ಆಗುವುದನ್ನೆಲ್ಲ ರೋಗ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಹಲವು ಮನೆಗಳ ಕತೆ ಸೇರಿಸಿ ಹೇಳುತ್ತೇನೆ. ಗಂಡನಿಗೆ ಹಿಂಜವಡಿಯಲ್ಲಿ ಕೆಲಸ. ಸೋಮವಾರ ಬೆಳಿಗ್ಗೆ ಏಳುವುದಿಲ್ಲ. "ಜ್ವರ" ಅಂತ ಆಫೀಸಿಗೆ ಮೆಸೇಜ್ ಹಾಕುವವಳು ಹೆಂಡತಿ. ಕಾರ್ಡಿನ ಬಾಕಿಗೆ ಅಡವಿಟ್ಟ ಬಳೆ ಅವಳದು. ಧಾರವಾಡದ ತವರಿಗೆ "ಎಲ್ಲಾ ಆರಾಮ ಅದೀವಿ" ಅನ್ನುತ್ತಾಳೆ. ಕುಡಿದವನು ಅವನು, ಅದರ ಪೆಟ್ಟೆಲ್ಲ ಇವಳಿಗೆ. ಅವನಾದರೂ ಯಾಕೆ ಬದಲಾಗಬೇಕು, ಹೇಳಿ?

ನಾನು ಇನ್ನೊಂದನ್ನೂ ಗಮನಿಸುತ್ತೇನೆ. ಅವನು ಎರಡು ವಾರ ಕುಡಿಯದೇ ಇದ್ದಾಗ ಇವಳಿಗೆ ನೆಮ್ಮದಿ ಬರಬೇಕು, ಅಲ್ವಾ? ಬರುವುದಿಲ್ಲ. ಚಡಪಡಿಕೆ ಜಾಸ್ತಿ ಆಗುತ್ತದೆ. ಜೇಬು ತಡಕುತ್ತಾಳೆ, ನಿದ್ದೆಗೆಡುತ್ತಾಳೆ. ಕಾಯುವುದೇ ಅವಳ ಬದುಕಾಗಿರುತ್ತದೆ. ತನಗೆ ಏನು ಇಷ್ಟ ಎಂದು ಕೇಳಿದರೆ ಉತ್ತರವೇ ಹೊಳೆಯುವುದಿಲ್ಲ.

ಮನೆಯಲ್ಲಿ ಹೊಡೆತ ಇದ್ದರೆ ಮಾತ್ರ ಈ ಲೆಕ್ಕ ಬೇಡ. ಹೆದರಿ ಸುಮ್ಮನಿರುವುದು ಕೋಡಿಪೆಂಡೆನ್ಸಿ ಅಲ್ಲ. ಮೊದಲು ಜೀವ ಉಳಿಯಬೇಕು, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಉಳಿದವರಿಗೆ ಒಂದೇ ಕೆಲಸ ಹೇಳುತ್ತೇನೆ. ಸೋಮವಾರದ ಆ ಮೆಸೇಜ್ ನೀವು ಹಾಕಬೇಡಿ. ಅವನು ರೇಗುತ್ತಾನೆ. "ಗಂಡನ ಮರ್ಯಾದೆ ಕಳೆದೆ" ಅಂತ ಅತ್ತೆ ಅನ್ನಬಹುದು. ನಿಮಗೇ ಹೊಟ್ಟೆಯೊಳಗೆ ತಪ್ಪು ಮಾಡಿದ ಹಾಗೆ ಸಂಕಟವಾಗುತ್ತದೆ. ಸಂಕಟ ಆಯ್ತು ಅಂದ ಮಾತ್ರಕ್ಕೆ ಮಾಡಿದ್ದು ತಪ್ಪಲ್ಲ. ಆ ದಿನಗಳನ್ನು ಒಬ್ಬರೇ ಕಳೆಯಬೇಡಿ. 1986ರಲ್ಲಿ ಪುಣೆಯ ಯೇರವಾಡದಲ್ಲಿ ಶುರುವಾದ ಚಟ ಬಿಡಿಸುವ ಕೇಂದ್ರ ಮುಕ್ತಾಂಗಣದಲ್ಲಿ ಕುಡಿಯುವವರ ಹೆಂಡತಿಯರಿಗೂ ಒಂದು ಗುಂಪಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ 14416 ಉಚಿತ. ಮರಾಠಿ ಅಷ್ಟಾಗಿ ಬರಲ್ಲ ಎಂದು ಹಿಂಜರಿಯುವವರು ಮೊದಲ ಸಲ ಆ ಗುಂಪಿನಲ್ಲಿ ಸುಮ್ನೆ ಕೂತು ಕೇಳಿ ಬನ್ನಿ, ಸಾಕು.