ಮೇನ್ ಆಫ್ ಮಾಡಿದ್ರೆ ಸಾಕಾ?

ವೈಫೈ ಹಾಕಲು ಹೋದ ಮನೆಗಳಲ್ಲಿ ಸಾಮಾನ್ಯವಾಗಿ ಕೇಳುವ ಮಾತು, 'ಮೇನ್ ಆಫ್ ಮಾಡಿದ್ದೀವಿ, ಧೈರ್ಯವಾಗಿ ಕೆಲಸ ಮಾಡಿ' ಅಂತ. ಕೊಡಗಿನಲ್ಲಿ ಈ ಮಾತನ್ನು ನಂಬಬೇಡಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರದ ಊರು ನಮ್ಮದು. ಹಾಗಾಗಿ ನಾಪೋಕ್ಲು ಆಗಲಿ ಸೋಮವಾರಪೇಟೆ ಆಗಲಿ, ತೋಟದ ಮನೆಯಲ್ಲಿ ಇನ್ವರ್ಟರ್ ಇದ್ದೇ ಇರುತ್ತದೆ, ಹೋಮ್‌ಸ್ಟೇ ಆದರೆ ಜನರೇಟರ್ ಕೂಡ. ನೀವು ಮೇನ್ ಆಫ್ ಮಾಡಿದ ಕೂಡಲೇ ಇನ್ವರ್ಟರ್ ಏನಂದುಕೊಳ್ಳುತ್ತದೆ? ಕರೆಂಟ್ ಹೋಯಿತು ಅಂತ. ಮರುಕ್ಷಣ ಬ್ಯಾಟರಿಯಿಂದ 230 ವೋಲ್ಟ್ ಶುರು. ರೌಟರ್ ಪಾಯಿಂಟ್ ಇರುವುದೂ ಆ ಇನ್ವರ್ಟರ್ ಲೈನಿನಲ್ಲೇ, ಅಲ್ವಾ?

ರೌಟರ್‌ಗೆ ಹೋಗುವ 12 ವೋಲ್ಟಿನಿಂದ ಏನೂ ಆಗಲ್ಲ. ಅಪಾಯ ಇರುವುದು ಬೋರ್ಡ್ ಬಿಚ್ಚುವಾಗ, ಗೋಡೆಗೆ ಡ್ರಿಲ್ ಹಾಕುವಾಗ, ಅಟ್ಟದಲ್ಲಿ ಇಲಿ ಕಚ್ಚಿದ ಹಳೇ ವೈರಿಂಗ್ ಪಕ್ಕ ಕೇಬಲ್ ಎಳೆಯುವಾಗ.

ಹಾಗಾಗಿ ಮೇನ್ ಜೊತೆಗೆ ಇನ್ವರ್ಟರನ್ನೂ ಅದರ ಸ್ವಿಚ್‌ನಲ್ಲೇ ಆಫ್ ಮಾಡಿ, ಔಟ್‌ಪುಟ್ ಪ್ಲಗ್ ಕೀಳಿ. ಲೈನ್ ಕರೆಂಟಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ನಡುವಿನ ಆಫ್‌ನಲ್ಲಿರಲಿ, ಮನೆಯವರಿಗೆ ಹೇಳಿಯೇ ಕೈ ಹಾಕಿ. ಆಮೇಲೆ ಚೆಕ್ ಮಾಡಿ, ಆದರೆ ಬರೀ ಟೆಸ್ಟರ್ ನಂಬಿ ಅಲ್ಲ. ರಬ್ಬರ್ ಚಪ್ಪಲಿ ಹಾಕಿ ಮರದ ಸ್ಟೂಲ್ ಮೇಲೆ ನಿಂತರೆ ಲೈನಿನಲ್ಲಿ ಕರೆಂಟ್ ಇದ್ದರೂ ಟೆಸ್ಟರ್ ಮಂಕಾಗಿ ಉರಿಯಬಹುದು, ಹಗಲಲ್ಲಿ ಅದು ಕಾಣುವುದೇ ಇಲ್ಲ. ಮಲ್ಟಿಮೀಟರ್ ತನ್ನಿ. ಎಲ್ಲ ಆಫ್ ಮಾಡುವ ಮೊದಲೇ ಕರೆಂಟ್ ಇರುವ ಜಾಗದಲ್ಲಿ ಮೀಟರ್ ಸರಿ ಇದೆಯಾ ನೋಡಿ, ಆಫ್ ಮಾಡಿದ ಮೇಲೆ ಕೆಲಸದ ಜಾಗ ನೋಡಿ. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿ ತಾನೇ ಅಂತ ಸಸಾರ ಮಾಡಬೇಡಿ. ಎರಡು ಲೈನಿಗೆ ಒಂದೇ ನ್ಯೂಟ್ರಲ್ ಹಂಚಿದ ಮನೆಗಳು ಬೇಕಾದಷ್ಟಿವೆ. ಒಂದೇ ಲೈನ್ ಆಫ್ ಮಾಡಿ ಅಂಥ ಜಾಯಿಂಟ್ ಬಿಚ್ಚಿದರೆ, ಪಕ್ಕದ ರೂಮಿನಲ್ಲಿ ಆನ್ ಇರುವ ಬಲ್ಬಿನ ಮೂಲಕ ಬಂದ ಫೇಸ್ ನಿಮ್ಮ ಬೆರಳಿಗೇ ಸಿಗುತ್ತದೆ.

ಹೊರಗಿನ ಕೆಲಸದಲ್ಲಿ ನನಗೆ ಜಾಸ್ತಿ ಭಯ ಅಲ್ಯೂಮಿನಿಯಂ ಏಣಿ. ಒಳ್ಳೆಮೆಣಸು ಕೊಯ್ಯುವಾಗ ಏಣಿ ಲೈನಿಗೆ ತಾಗಿ ಸತ್ತವರ ಸುದ್ದಿ ಇಲ್ಲಿ ಯಾರಿಗೂ ಹೊಸದಲ್ಲ. ಆದರೂ ಸಿಗ್ನಲ್‌ಗೆ ಆಂಟೆನಾ ಕಟ್ಟಲು ಅದೇ ಏಣಿ ಹಿಡಿದು ಸಿಲ್ವರ್ ಓಕ್ ಹತ್ತುತ್ತಾರೆ. ತೋಟದ ನಡುವೆ ಹಾದುಹೋಗುವ 11 ಸಾವಿರ ವೋಲ್ಟಿನ ತಂತಿಗೆ ಸಾಮಾನ್ಯವಾಗಿ ಕವಚ ಇರಲ್ಲ, ತುಂಬಾ ಹತ್ತಿರ ಹೋದರೆ ಮುಟ್ಟದೆಯೂ ಕಿಡಿ ಹಾರುತ್ತದೆ. ಫೈಬರ್‌ಗ್ಲಾಸ್ ಏಣಿ ತನ್ನಿ, ಲೈನ್ ಹತ್ತಿರದ ಮರವನ್ನಂತೂ ಬಿಟ್ಟೇಬಿಡಿ. ಇಂಟರ್ನೆಟ್ ತರುವ ಫೈಬರ್ ಕೇಬಲ್ ಗಾಜು ತಾನೇ, ಅದರಲ್ಲಿ ಕರೆಂಟ್ ಹರಿಯಲ್ಲ ಅನ್ನುವವರಿದ್ದಾರೆ. ಗಾಜು ಹೌದು, ಆದರೆ ಕಂಬದಿಂದ ಕಂಬಕ್ಕೆ ಎಳೆಯುವ ಎಷ್ಟೋ ಕೇಬಲ್‌ಗಳಲ್ಲಿ ಭಾರ ತಡೆಯಲು ಸ್ಟೀಲ್ ತಂತಿ ಇರುತ್ತದೆ. ಮಳೆಗೆ ಕೇಬಲ್ ಹರಿದು ಲೈನಿನ ಮೇಲೆ ಬಿದ್ದಿದ್ದರೆ ಮುಟ್ಟಬೇಡಿ, ವಿದ್ಯುತ್ ಇಲಾಖೆಯವರು ಲೈನ್ ಆಫ್ ಮಾಡುವ ತನಕ ಕಾಯಿರಿ.

ಇನ್ನು ಸಿಡಿಲು. ಕಾಫಿ ಹೂ ಅರಳಿಸುವ ಹೂಮಳೆ ಜೊತೆ ಗುಡುಗು ಬರುವ ಮಾರ್ಚ್, ಏಪ್ರಿಲ್‌ನಲ್ಲಿ ರೌಟರ್ ಸುಟ್ಟುಹೋಯಿತು ಅನ್ನುವ ಫೋನ್ ಕರೆಗಳು ನನಗೆ ತಪ್ಪಿದ್ದಲ್ಲ. ಬೇಸಿಗೆಗೆ ಮಣ್ಣು ಒಣಗಿ ಅರ್ತ್ (ಕರೆಂಟನ್ನು ನೆಲಕ್ಕಿಳಿಸುವ ಸಂಪರ್ಕ) ಕೂಡ ಆಗಲೇ ಸೋತಿರುತ್ತದೆ. ಅರ್ತ್ ಸರಿ ಇಲ್ಲದೆ, ದಿಢೀರ್ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಇಟ್ಟರೆ ಅದು ಹೆಚ್ಚುಕಡಿಮೆ ಶೋಕಿಗೆ ಅಷ್ಟೇ. ಮನೆಯಿಂದ ಹೋಮ್‌ಸ್ಟೇ ಕಾಟೇಜಿಗೆ ತಾಮ್ರದ ಲ್ಯಾನ್ ಕೇಬಲ್ ಎಳೆಯಲೇಬೇಡಿ. ದೂರ ಲ್ಯಾನ್ ಕೇಬಲ್‌ನ ಮಿತಿಯಾದ 100 ಮೀಟರ್ ಒಳಗಿದ್ದರೂ ಬೇಡ. ಎರಡು ಕಟ್ಟಡದ ಅರ್ತ್ ಬೇರೆ ಬೇರೆ, ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡು ಅರ್ತ್ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ನಿಮ್ಮ ಕೇಬಲ್‌ನಲ್ಲೇ ಕರೆಂಟ್ ಹರಿಯುತ್ತದೆ. ಲೋಹ ಇಲ್ಲದ ಫೈಬರ್ ಹಾಕಿ. ಸ್ವಲ್ಪ ಖರ್ಚು ಜಾಸ್ತಿ, ಆದರೆ ಪ್ರತಿ ವರ್ಷ ನೆಟ್‌ವರ್ಕ್ ಸ್ವಿಚ್ ಬದಲಿಸುವುದಕ್ಕಿಂತ ವಾಸಿ. ಈಗಾಗಲೇ ತಾಮ್ರ ಎಳೆದಿದ್ದರೆ, ಮೋಡ ಕಟ್ಟುತ್ತಿರುವಾಗಲೇ ಅಡಾಪ್ಟರ್ ಜೊತೆ ಆ ಲ್ಯಾನ್ ಕೇಬಲನ್ನೂ ಎರಡೂ ಕಡೆ ಕಿತ್ತಿಡಿ. ಗುಡುಗು ಶುರುವಾದ ಮೇಲಂತೂ ಮುಟ್ಟಬೇಡಿ, ರೌಟರ್ ಹೋದರೆ ಹೋಗಲಿ.